ಸೀಮಂತದ ಕರೆಯೋಲೆಯಲ್ಲಿ ತಾಯಿಯ ಸ್ಥಾನ

ಆಮಂತ್ರಣ ಪತ್ರಿಕೆಯನ್ನು ಯಾರೂ ಗಮನವಿಟ್ಟು ಓದುವುದಿಲ್ಲ, ದಿನ ಮತ್ತು ಸ್ಥಳ ನೋಡಿ ಮಡಿಸಿಡುತ್ತಾರೆ ಎಂಬ ಮಾತುಂಟು. ವಸ್ತುಸ್ಥಿತಿ ಬೇರೆ. ಯಾರ ಹೆಸರು ಮೊದಲು ಬಂದಿದೆ, ಯಾರದು ಕೊನೆಗೆ, ಯಾರದು ಬಿಟ್ಟೇಹೋಗಿದೆ ಎಂಬುದನ್ನು ಬಂಧುವರ್ಗವು ಬೇರಾವ ಗ್ರಂಥಕ್ಕೂ ತೋರದ ಎಚ್ಚರದಿಂದ ಓದುತ್ತದೆ. ಒಂದು ಮನೆತನವು ತನ್ನೊಳಗಿನ ಮಾನ-ಮರ್ಯಾದೆಗಳ ಲೆಕ್ಕವನ್ನು ತಾನಾಗಿಯೇ ಬರೆದು ಊರಿಗೆ ಹಂಚುವ ಪತ್ರವಿದು. ಆದುದರಿಂದ ಸೀಮಂತದ ಕರೆಯೋಲೆಯನ್ನೂ ಒಂದು ಕೃತಿಯೆಂದೇ ಭಾವಿಸಿ ಪರಿಶೀಲಿಸುವುದು ಅನುಚಿತವಾಗಲಾರದು.

ಕನ್ನಡ ನಾಡಿನ ಮನೆಗಳಲ್ಲಿ ಈಗ ಸಿದ್ಧವಾಗುವ ಸೀಮಂತದ ಪತ್ರಿಕೆಗಳು ಬಹುಮಟ್ಟಿಗೆ ಒಂದೇ ಅಚ್ಚಿನವು. ಮೇಲ್ಗಡೆ ಇಷ್ಟದೇವತಾ ಸ್ಮರಣೆ. ಜೈನರ ಮನೆಯಾದರೆ ‘ಶ್ರೀ ವೀತರಾಗಾಯ ನಮಃ’, ಅದರ ಕೆಳಗೆ ವೀರ ನಿರ್ವಾಣ ಸಂವತ್ಸರ. ಅನಂತರ ಅಜ್ಜನ ಹೆಸರು, ಮಾವನ ಹೆಸರು, ಅವರ ಪದವಿ, ಊರು. ಆಮೇಲೆ ‘ಜ್ಯೇಷ್ಠ ಪುತ್ರನ ಧರ್ಮಪತ್ನಿ’ ಎಂಬ ವಿಶೇಷಣದ ಬಾಲಕ್ಕೆ ಅಂಟಿಕೊಂಡು ‘ಚಿ. ಸೌ.’ ಸಹಿತವಾಗಿ ಆ ಹೆಣ್ಣುಮಗಳ ಹೆಸರು. ಅಲ್ಲಿಗೆ ಅವಳ ಪ್ರಸ್ತಾಪ ಮುಗಿಯಿತು. ಉಳಿದ ಅರ್ಧ ಪುಟ ‘ಸುಖಾಗಮನಾಭಿಲಾಷಿ’ಗಳಿಗೆ ಮೀಸಲು. ಒಂಬತ್ತು ತಿಂಗಳ ಭಾರವನ್ನು ಹೊತ್ತವಳಿಗೆ ಒಂದೇ ಸಾಲು. ಏನನ್ನೂ ಹೊರದವರಿಗೆ ಹತ್ತು ಸಾಲು.

ಈ ದೋಷದ ಮೂಲ ಲಗ್ನಪತ್ರಿಕೆಯಲ್ಲಿದೆ. ವಿವಾಹವು ಎರಡು ಕುಟುಂಬಗಳು ಸಮಾಜದ ಸಾಕ್ಷಿಯಲ್ಲಿ ಮಾಡಿಕೊಳ್ಳುವ ಒಡಂಬಡಿಕೆಯಾದ್ದರಿಂದ ಅಲ್ಲಿ ಹೆಸರುಗಳ ಸಾಲಿಗೆ ಅರ್ಥವುಂಟು. ಸೀಮಂತ ಅಂತಹುದಲ್ಲ. ಸೀಮಂತವೆಂದರೆ ಬೈತಲೆ, ಗರ್ಭಿಣಿಯ ಬೈತಲೆಯನ್ನು ತೆಗೆದು ಆಕೆಯನ್ನು ಅಲಂಕರಿಸುವ ಕ್ರಿಯೆಯೇ ಸೀಮಂತೋನ್ನಯನ. ಹಸಿರು ಬಳೆ, ಮಡಿಲು ತುಂಬುವುದು, ಬಯಕೆಯ ಊಟ, ಉತ್ತರ ಕರ್ನಾಟಕದ ಕುಬುಸ, ಎಲ್ಲವೂ ಒಬ್ಬಳೇ ವ್ಯಕ್ತಿಯ ದೇಹ-ಮನಸ್ಸುಗಳ ಸುತ್ತ ಹೆಣೆದವು. ಹಳ್ಳಿಗರ ಬಾಯಲ್ಲಿ ಈ ಶಬ್ದ ‘ಶ್ರೀಮಂತ’ವಾಗಿದೆ. ಹೊಂಬಣ್ಣದ ಉಬ್ಬಕ್ಷರಗಳ ಈಗಿನ ಕೆಲವು ಪತ್ರಿಕೆಗಳನ್ನು ಕಂಡಾಗ ಆ ಅಪಭ್ರಂಶವೇ ಸರಿಯೇನೋ ಎನಿಸದಿರದು.

ಒಂಬತ್ತನೆಯ ಶತಮಾನದ ಜಿನಸೇನಾಚಾರ್ಯರ ‘ಆದಿಪುರಾಣ’ವು 53 ಗರ್ಭಾನ್ವಯ ಕ್ರಿಯೆಗಳನ್ನು ಎಣಿಸುತ್ತದೆ. ಆಧಾನದ ಬಳಿಕ ಮೂರನೆಯ ತಿಂಗಳಲ್ಲಿ ಪ್ರೀತಿ, ಐದರಲ್ಲಿ ಸುಪ್ರೀತಿ, ಏಳರಲ್ಲಿ ಧೃತಿ, ಒಂಬತ್ತರಲ್ಲಿ ಮೋದ. ಈ ನಾಲ್ಕು ಹೆಸರುಗಳನ್ನು ನಿಧಾನವಾಗಿ ಓದಬೇಕು. ನಾಲ್ಕೂ ಮನಸ್ಸಿನ ಸ್ಥಿತಿಗಳು. ಕುಲದ ಹೆಸರಾಗಲಿ, ಹುಟ್ಟಲಿರುವ ಶಿಶುವಿನ ಲಿಂಗವಾಗಲಿ ಅವುಗಳಲ್ಲಿ ಇಲ್ಲ. ಅದರಲ್ಲೂ ಏಳನೆಯ ತಿಂಗಳಿಗೆ ‘ಧೃತಿ’ ಎಂಬ ಶಬ್ದವನ್ನು ಆರಿಸಿರುವುದು ಎಷ್ಟು ಅರ್ಥಪೂರ್ಣ! ಒಡಲು ಭಾರವಾಗಿ, ನಿದ್ರೆ ಕಡಮೆಯಾಗಿ, ಹೆರಿಗೆಯ ಭಯ ಹತ್ತಿರವಾಗುವ ಕಾಲಕ್ಕೆ ಬೇಕಾದದ್ದು ಧೈರ್ಯ. ಬಂಧುಗಳನ್ನು ಕೂಡಿಸುವುದು ಆ ಧೈರ್ಯವನ್ನು ತುಂಬುವುದಕ್ಕಾಗಿ. ಪತ್ರಿಕೆಯ ಒಕ್ಕಣೆಯಲ್ಲಿ ಇದರ ಸುಳಿವೂ ಇಲ್ಲದಿರುವುದು ವಿಷಾದಕರ.

ಬದಲಿಗೆ ಕಾಣುವುದು ‘ಪುತ್ರರತ್ನ ಪ್ರಾಪ್ತಿಗಾಗಿ ಹರಸಿ’ ಎಂಬ ಧಾಟಿ, ಇಲ್ಲವೆ ಮೂಲೆಯಲ್ಲಿ ಜುಟ್ಟು ಕಟ್ಟಿದ ಗಂಡುಕೂಸಿನ ಚಿತ್ರ. ಭ್ರೂಣಲಿಂಗ ಪತ್ತೆಯನ್ನು ತಡೆಯುವ ಕಾನೂನು 1994ರಲ್ಲಿಯೇ ಬಂದಿದೆ. ಕಾನೂನು ಯಂತ್ರವನ್ನು ನಿಯಂತ್ರಿಸಬಲ್ಲದು. ಪತ್ರಿಕೆಯ ವಾಕ್ಯವನ್ನು ಮನೆಯವರೇ ತಿದ್ದಬೇಕು. ಆದಿನಾಥನು ಅಕ್ಷರಗಳನ್ನು ಕಲಿಸಿದ್ದು ಬ್ರಾಹ್ಮಿಗೆ, ಅಂಕಿಗಳನ್ನು ಕಲಿಸಿದ್ದು ಸೌಂದರಿಗೆ, ಇಬ್ಬರೂ ಹೆಣ್ಣುಮಕ್ಕಳು ಎಂದು ಪುರಾಣ ಹೇಳುತ್ತದೆ. ಮಗಳಿಗೆ ಕಲಿಸಿದ ಅಕ್ಷರಗಳಲ್ಲಿಯೇ ಮಗಳು ಬೇಡವೆಂದು ಅಚ್ಚು ಹಾಕಿಸುವ ವಿಪರ್ಯಾಸ ಯಾರ ಗಮನಕ್ಕೂ ಬಂದಂತಿಲ್ಲ.

ಇವೆಲ್ಲಕ್ಕಿಂತ ಹೆಚ್ಚು ನೋಯಿಸುವ ಶಬ್ದ ಇನ್ನೊಂದಿದೆ: ‘ಮುತ್ತೈದೆಯರೆಲ್ಲರೂ ಆಗಮಿಸಿ’. ಬರೆದವರಿಗೆ ಅದು ಮಂಗಳವಚನ. ಓದುವ ವಿಧವೆಗೆ ಅದು ಮುಚ್ಚಿದ ಕದ. ಬಹುಸಂಖ್ಯೆಯ ಮನೆಗಳಲ್ಲಿ ಗರ್ಭಿಣಿಯ ಬಯಕೆಯೇನು, ಯಾವ ತಿಂಗಳಲ್ಲಿ ಕಾಲು ಬಾಯುತ್ತದೆ, ಯಾವ ನೋವು ಸಹಜ, ಯಾವುದು ಅಪಾಯ ಎಂಬುದನ್ನು ಬಲ್ಲವಳು ಗಂಡನನ್ನು ಕಳೆದುಕೊಂಡ ಅಜ್ಜಿಯೇ. ಬಾಣಂತನ ಮಾಡಲು ಅವಳು ಬೇಕು, ಆರತಿಯ ಹೊತ್ತಿಗೆ ಅವಳು ಒಳಕೋಣೆಯಲ್ಲಿರಬೇಕು. ಮಕ್ಕಳಿಲ್ಲದ ಸೋದರತ್ತೆ ಮುತ್ತೈದೆಯೇ ಆದರೂ ತಾನಾಗಿ ಹಿಂದೆ ಸರಿಯುತ್ತಾಳೆ. ಪತ್ರಿಕೆಯ ಕ್ರೌರ್ಯ ಮತ್ತೊಂದೆಡೆಯೂ ಎದ್ದು ಕಾಣುತ್ತದೆ. ಬಸುರಿಯ ತಂದೆ ತೀರಿಕೊಂಡಿದ್ದರೆ ‘ದಿವಂಗತ’ ಎಂದು ಅವನ ಹೆಸರು ಅಚ್ಚಾಗುತ್ತದೆ. ಬದುಕಿರುವ ತಾಯಿಯ ಹೆಸರು ಇರುವುದಿಲ್ಲ. ಸತ್ತವನಿಗಿರುವ ಸ್ಥಳ ಜೀವಂತವಾಗಿರುವವಳಿಗಿಲ್ಲ.

ದಾನಚಿಂತಾಮಣಿ ಅತ್ತಿಮಬ್ಬೆಯ ಹೆಸರನ್ನು ಹೇಳಿಕೊಂಡು ಹೆಮ್ಮೆಪಡದ ಜೈನ ಸಭೆ ಕರ್ನಾಟಕದಲ್ಲಿಲ್ಲ. ಪತಿ ನಾಗದೇವನು ತೀರಿಕೊಂಡಾಗ ತಂಗಿಯೂ ಸವತಿಯೂ ಆದ ಗುಂಡಮಬ್ಬೆ ಸಹಗಮನ ಮಾಡಿದಳು. ಅತ್ತಿಮಬ್ಬೆ ಬದುಕಿ ಮಗನನ್ನು ಬೆಳೆಸಿದಳು. ಪೊನ್ನನ ‘ಶಾಂತಿಪುರಾಣ’ದ 1000 ಪ್ರತಿಗಳನ್ನು ಬರೆಯಿಸಿ ಹಂಚಿದಳು. ರನ್ನನು 993ರಲ್ಲಿ ‘ಅಜಿತಪುರಾಣ’ವನ್ನು ಮುಗಿಸಿದ್ದು ಅವಳ ಆಶ್ರಯದಲ್ಲಿ. ಲಕ್ಕುಂಡಿಯ ಬಸದಿ ಅವಳದು. ಈಗಿನ ಒಕ್ಕಣೆಯ ಪ್ರಕಾರ ಅವಳು ಯಾವ ಸೀಮಂತಕ್ಕೂ ಬರುವಂತಿಲ್ಲ.

ಹಿಂದೆ ಎಲ್ಲವೂ ಚೆನ್ನಾಗಿತ್ತೆಂದು ಹೇಳಹೊರಟರೆ ಅದು ಸತ್ಯವಲ್ಲ. ಮನೆಮನೆಗೆ ಅರಿಶಿನ-ಕುಂಕುಮದ ಬಟ್ಟಲು ಹಿಡಿದು ಹೋಗುತ್ತಿದ್ದ ಹೆಂಗಸರೂ ಕುಂಕುಮವಿಲ್ಲದ ಹಣೆಯ ಮುಂದೆ ತಡವರಿಸಿದವರೇ. ಆದರೆ ಬಾಯಿಮಾತಿಗೆ ಒಂದು ಸೌಲಭ್ಯವಿತ್ತು: ಹೊಸ್ತಿಲಲ್ಲಿ ನಿಂತವಳು ಒಳಗಿದ್ದ ಅಜ್ಜಿಯನ್ನು ಕಂಡು, ‘ನೀವೂ ಬಂದು ಮಗುವನ್ನು ಹರಸಬೇಕು’ ಎಂದು ತನ್ನ ವಿವೇಕದಿಂದಲೇ ಸೇರಿಸಬಹುದಾಗಿತ್ತು. ಅಚ್ಚಿನ ಅಕ್ಷರಕ್ಕೆ ಆ ದಾಕ್ಷಿಣ್ಯವಿಲ್ಲ. ಅದಲ್ಲದೆ ಬಾಯಿಮಾತು ನಾಲ್ಕು ಬೀದಿಗಳಲ್ಲಿ ಮುಗಿಯುತ್ತಿತ್ತು. ಇಂದು ಗರ್ಭಿಣಿಯ ಭಾವಚಿತ್ರ ಸಹಿತವಾದ ಪತ್ರಿಕೆ ಮೊಬೈಲಿನಲ್ಲಿ ನೂರಾರು ಜನರನ್ನು ತಲುಪುತ್ತದೆ. ವಿಧಿವಶಾತ್ ಗರ್ಭ ನಿಲ್ಲದೆ ಹೋದರೆ ಆ ಚಿತ್ರವನ್ನು ಎಲ್ಲರಿಂದ ಹಿಂದಕ್ಕೆ ಪಡೆಯುವ ಬಗೆ ಯಾವುದು? ಇದು ಅಪಶಕುನದ ಮಾತಲ್ಲ. ಅಂಥ ದುಃಖವನ್ನುಂಡ ಮನೆಗಳು ಪ್ರತಿ ಊರಿನಲ್ಲೂ ಇವೆ.

ಸಣ್ಣ ಸಂಗತಿಗಳೂ ಇವೆ. ವೀತರಾಗನ ಸ್ಮರಣೆಯಿಂದ ಆರಂಭವಾಗುವ ಪತ್ರಿಕೆಯೇ ಕೊನೆಗೆ ‘ರಾತ್ರಿ 8ಕ್ಕೆ ಭೋಜನ’ ಎಂದು ಮುಗಿಯುವುದುಂಟು. ಸೂರ್ಯಾಸ್ತಕ್ಕೆ ಮುನ್ನ ಉಣ್ಣುವ ವ್ರತಿಗಳು ಉಪವಾಸ ಮರಳಬೇಕಾಗುತ್ತದೆ. ಜಿನಬಿಂಬದ ಚಿತ್ರವನ್ನು ಅಚ್ಚು ಮಾಡಿಸಿದರೆ ನಾಳೆ ಅದು ಬೀಳುವುದು ಕಸದ ಬುಟ್ಟಿಗೆ.

ಒಳ್ಳೆಯ ಪತ್ರಿಕೆಗೆ ಹೆಚ್ಚೇನೂ ಬೇಕಿಲ್ಲ. ಅವಳ ಹೆಸರು ಮೊದಲ ಸಾಲಿನಲ್ಲಿ, ಅವಳ ಹೆತ್ತವರು, ಅತ್ತೆ-ಮಾವಂದಿರು, ಬದುಕಿರುವವರೆಲ್ಲರೂ, ಎರಡನೆಯದರಲ್ಲಿ, ‘ಹಿರಿಯ ಕಿರಿಯ ತಾಯಂದಿರೆಲ್ಲರೂ ಬಂದು ಧೈರ್ಯ ಹೇಳಿ ಹರಸಬೇಕು’ ಎಂಬ ಒಂದು ಬಿನ್ನಹ, ಹಗಲೂಟದ ಹೊತ್ತು. ಐದು ಸಾಲುಗಳಲ್ಲಿ ಮುಗಿಯುವ ಕೆಲಸ. ಆದರೆ ಅಚ್ಚುಕೂಟದಿಂದ ಬಂದ ಕರಡನ್ನು ಮಾವ ನೋಡುತ್ತಾನೆ, ಗಂಡ ನೋಡುತ್ತಾನೆ, ಪದವಿಗಳ ಕಾಗುಣಿತವನ್ನು ಚಿಕ್ಕಪ್ಪನೊಬ್ಬ ತಿದ್ದುತ್ತಾನೆ. ಒಳಗಿರುವ ಗರ್ಭಿಣಿಗೆ ಅದನ್ನು ಯಾರೂ ತೋರಿಸುವುದಿಲ್ಲ. ತನ್ನ ತಾಯಿಯ ಹೆಸರು ಅದರಲ್ಲಿಲ್ಲವೆಂದು ಅವಳಿಗೆ ತಿಳಿಯುವುದು ಅಚ್ಚಾದ ಕಟ್ಟು ಮನೆಗೆ ಬಂದ ಮೇಲೆ.