ಈಳಿಗೆ ಯಾರ ಕೈಯದು?

ಸೀರೆ ಕೊಳ್ಳಲು ಹತ್ತು ಅಂಗಡಿ ಹತ್ತಿ ಇಳಿಯುವ ನಾವು, ಈಳಿಗೆ ಕೊಳ್ಳುವಾಗ ಮಾತ್ರ ಸಂತೆಯಲ್ಲಿ ಮೊದಲು ಕಣ್ಣಿಗೆ ಬಿದ್ದದ್ದನ್ನೇ ಚೀಲಕ್ಕೆ ಹಾಕಿಕೊಂಡು ಬರುತ್ತೇವೆ. ಸೀರೆ ಹಬ್ಬಕ್ಕೊಮ್ಮೆ ಹೊರಬಂದರೆ ಹೆಚ್ಚು. ಈಳಿಗೆ ದಿನಕ್ಕೆ ಎರಡು ಹೊತ್ತು ಬೇಕು. ಆದರೂ ಇದನ್ನು ಮಾಡಿದವರು ಯಾರು ಎಂದು ಯಾರೂ ಕೇಳುವುದಿಲ್ಲ. ಕವಿತೆಗೆ, ನಾಟಕಕ್ಕೆ ವಿಮರ್ಶಕರಿದ್ದಾರೆ. ಈಳಿಗೆಗೂ ಒಬ್ಬ ಇರಲಿ ಎಂದು ಈ ಬರಹ.

ಗಂಗಾವತಿಯ ಸುತ್ತಮುತ್ತ ಹೇಳಿ ಮಾಡಿಸಿಕೊಳ್ಳಬೇಕೆಂದರೆ ಎರಡು ದಾರಿ. ಒಂದು, ಹಳ್ಳಿಯ ಕಮ್ಮಾರನ ಕುಲುಮೆ. ಇನ್ನೊಂದು, ರಸ್ತೆಯ ಬದಿಗೆ ಬಿಡಾರ ಹೂಡುವ ಬೈಲು ಕಮ್ಮಾರರು. ಗಿಸಾಡಿಗಳೆಂದೂ ಅವರನ್ನು ಕರೆಯುತ್ತಾರೆ. ಇಬ್ಬರ ಬಳಿಯೂ ಮಾಲು ಬಹುಮಟ್ಟಿಗೆ ಒಂದೇ: ಗುಜರಿಗೆ ಬಿದ್ದ ಲಾರಿಯ ಕಮಾನು ಪಟ್ಟಿ. ಗುಜರಿ ಎಂದೊಡನೆ ಮೂಗು ಮುರಿಯಬೇಕಿಲ್ಲ. ಆ ಉಕ್ಕಿನಲ್ಲಿ ಇಂಗಾಲ ನೂರಕ್ಕೆ ಅರ್ಧ ಪಾಲಿಗಿಂತ ತುಸು ಹೆಚ್ಚು. ಹರಿತ ಹಿಡಿಯಲು ಅಷ್ಟು ಸಾಕು. ನಮ್ಮದೇ ಜಿಲ್ಲೆಯ ಬೇವಿನಹಳ್ಳಿಯ ಕಾರ್ಖಾನೆಯಲ್ಲಿ ಬೀಡುಕಬ್ಬಿಣ ಟನ್ನುಗಟ್ಟಲೆ ಕರಗಿ ಹರಿಯುತ್ತದೆ, ನಿಜ. ಆದರೆ ಅದರಲ್ಲಿ ಇಂಗಾಲ ನೂರಕ್ಕೆ ನಾಲ್ಕರಷ್ಟು. ಸುತ್ತಿಗೆಯ ಏಟಿಗೆ ಅದು ಬಾಗುವುದಿಲ್ಲ, ಒಡೆಯುತ್ತದೆ. ಕಮ್ಮಾರನಿಗೆ ಲಾರಿಯ ಕಮಾನೇ ಗತಿ, ಮತ್ತು ಅದೇ ಸರಿ.

ಹಾಗಾದರೆ ವ್ಯತ್ಯಾಸ ಎಲ್ಲಿದೆ? ಹದದಲ್ಲಿ. ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೆ ಉಕ್ಕು ಗಡುಸಾಗುತ್ತದೆ. ಅಷ್ಟಕ್ಕೇ ಬಿಟ್ಟರೆ ಗಾಜಿನ ಹಾಗೆ ಮುಕ್ಕಾಗುತ್ತದೆ. ಮತ್ತೊಮ್ಮೆ ಸಣ್ಣ ಕಾವು ತೋರಿಸಬೇಕು. ತಿಕ್ಕಿ ಬೆಳ್ಳಗೆ ಮಾಡಿದ ಮೈಮೇಲೆ ಒಣಹುಲ್ಲಿನ ಬಣ್ಣ ಹಾಯುತ್ತಿದ್ದಂತೆ ನಿಲ್ಲಿಸಬೇಕು. ಅದು ದಾಟಿ ನೀಲಿಗೆ ಹೋಯಿತೋ, ಬಾಯಿ ಮೆತ್ತಗಾಯಿತು. ಇದಕ್ಕೆ ಗಡಿಯಾರವಿಲ್ಲ, ತಾಪಮಾಪಕವಿಲ್ಲ, ಕಣ್ಣೇ ಎಲ್ಲ. ಕುಲುಮೆಯೊಳಗೆ ಅರೆಗತ್ತಲೆ ಇರುವುದು ಬಡತನದಿಂದಷ್ಟೇ ಅಲ್ಲ. ಬಿಸಿಲಿನಲ್ಲಿ ಕಾದ ಕಬ್ಬಿಣದ ಬಣ್ಣ ಸುಳ್ಳು ಹೇಳುತ್ತದೆ.

ಬೈಲು ಕಮ್ಮಾರರ ಕೆಲಸ ನೋಡುವುದೇ ಒಂದು ಹಬ್ಬ. ಗಂಡ ಇಕ್ಕಳದಲ್ಲಿ ಹಿಡಿದು ತಿರುವುತ್ತಾನೆ, ಹೆಂಡತಿ ನಿಂತು ದೊಡ್ಡ ಸುತ್ತಿಗೆ ಬೀಸುತ್ತಾಳೆ, ಒಂದು ಏಟೂ ತಪ್ಪುವುದಿಲ್ಲ. ಬೆಳಿಗ್ಗೆ ಹೇಳಿದರೆ ಸಂಜೆಗೆ ಕೈಯಲ್ಲಿ. ಕೊಡಲಿ, ಮಚ್ಚುಗಳಲ್ಲಿ ಅವರನ್ನು ಮೀರಿಸುವವರನ್ನು ನಾನು ಕಂಡಿಲ್ಲ. ಆದರೆ ನಾನು ನೋಡಿದ ಅವರ ತೆಳು ಬಾಯಿಯ ಈಳಿಗೆಗಳಲ್ಲಿ ಕೆಲವಕ್ಕೆ ಆ ಎರಡನೆಯ ಕಾವು ಸರಿಯಾಗಿ ಬಿದ್ದಿರಲಿಲ್ಲ. ತಪ್ಪು ಅವರದೊಂದೇ ಎನ್ನಲಾರೆ. ಬಟಾಬಯಲಿನ ಬಿಸಿಲಲ್ಲಿ ಒಲೆ. ಎದುರಿಗೆ ನಿಂತು ಅವಸರ ಮಾಡುವವರು ನಾವು, ಹತ್ತು ರೂಪಾಯಿ ಇಳಿಸಿ ಎಂದು ಜಗ್ಗುವವರೂ ನಾವೇ.

ಊರ ಕಮ್ಮಾರನದು ಬೇರೆ ರಗಳೆ. ಮೂರು ಸಲ ‘ನಾಳೆ ಬರ್ರಿ’. ಆದರೆ ಒಪ್ಪಿಕೊಳ್ಳುವ ಮೊದಲು ಆತ ಕೇಳುತ್ತಾನೆ: ‘ಏನ್ ಹೆಚ್ಚಾಕ್ರಿ? ಬರೇ ಕಾಯಿಪಲ್ಲೆನೋ, ಮಾಂಸಾನೂ ಐತೋ? ಹೆಚ್ಚೋರು ಯಾರು? ಎಡಗೈಯವ್ರು ಅದಾರೇನು?’ ಸೊಪ್ಪಿಗೆ ತೆಳು ಬಾಯಿ, ಎಲುಬಿಗೆ ದಪ್ಪ ಬೆನ್ನು. ಕೂತು ಹೆಚ್ಚುವವರ ಎತ್ತರಕ್ಕೆ ತಕ್ಕ ಬಾಗು. ನನ್ನ ಮಟ್ಟಿಗೆ ಮಾಡುವವರನ್ನು ಅಳೆಯುವ ಮೊದಲ ಕೋಲು ಈ ಪ್ರಶ್ನೆಗಳೇ. ಏನೂ ಕೇಳದೆ ಅಳತೆ ಹಿಡಿಯುವವನು ನಿಮ್ಮ ಮನೆಗೆ ಮಾಡುತ್ತಿಲ್ಲ, ಸಂತೆಗೆ ಮಾಡುತ್ತಿದ್ದಾನೆ.

ಎರಡನೆಯ ಕೋಲು: ಬಾಯನ್ನು ಬೆಳಕಿಗೆ ಹಿಡಿಯಿರಿ. ಮೊಂಡಾದ ಕಡೆ ಬಿಳಿಯ ಗೆರೆ ಮಿಂಚುತ್ತದೆ. ಹರಿತವಾದ ಅಂಚು ಕಣ್ಣಿಗೆ ಕಾಣಿಸುವುದೇ ಇಲ್ಲ. ಮೂರನೆಯದೇ ದೊಡ್ಡದು. ಹೊಸತರಲ್ಲಿ ಎಲ್ಲ ಈಳಿಗೆಯೂ ಹರಿತವೇ. ಆರು ತಿಂಗಳ ಮೇಲೆ ಬಾಯಿ ಹಣಿಸಿಕೊಳ್ಳಲು ಹೋದಾಗ ಮಾಡಿದವನು ಅಲ್ಲಿ ಇರುತ್ತಾನೆಯೇ? ಬೈಲು ಕಮ್ಮಾರರ ಬಿಡಾರ ಅಷ್ಟರಲ್ಲಿ ಮುಂದಿನ ಊರಿನಲ್ಲಿರುತ್ತದೆ. ಅಂಗಡಿಯ ಸ್ಟೀಲ್ ಚಾಕುವಿಗೆ ತುಕ್ಕಿಲ್ಲ, ಒಪ್ಪುತ್ತೇನೆ. ಆದರೆ ಅಗ್ಗದ್ದು ಮೊಂಡಾದರೆ ಅದರ ಜಾಗ ತಿಪ್ಪೆಯೇ. ಕಮ್ಮಾರನ ಈಳಿಗೆಯನ್ನು ತೊಳೆದು ಒರೆಸಿಡಬೇಕು, ಹುಣಸೆಹುಳಿ ತಾಗಿದರೆ ಕಪ್ಪಾಗುತ್ತದೆ. ಬದಲಿಗೆ ಅದು ಸವೆದು ಗರಿಯಷ್ಟಾಗುವ ತನಕ ದುಡಿಯುತ್ತದೆ. ಹಾಗಾಗಿ ದಿನದ ಅಡುಗೆಗೆ ನನ್ನ ಮತ ಊರ ಕಮ್ಮಾರನಿಗೆ, ಕೊಡಲಿ ಮಚ್ಚಿಗೆ ಬೈಲು ಕಮ್ಮಾರರಿಗೆ.

ಆದರೆ ಆರಿಸಿಕೊಳ್ಳಲು ಇಬ್ಬರೂ ಎಷ್ಟು ದಿನ ಉಳಿದಾರು? ಕುಲುಮೆಯ ಬೆಂಕಿ ಈಳಿಗೆಯಿಂದ ಉರಿದದ್ದಲ್ಲ. ಕುಡಗೋಲು, ಕುಂಟೆ, ನೇಗಿಲ ಕುಡದಿಂದ ಉರಿದದ್ದು. ಸುಗ್ಗಿಯಲ್ಲಿ ಕಣಕ್ಕೆ ಬಂದು ಆತ ತನ್ನ ಪಾಲಿನ ಆಯ ಒಯ್ಯುತ್ತಿದ್ದ. 1953ರಲ್ಲಿ ತುಂಗಭದ್ರೆಗೆ ಅಣೆಕಟ್ಟು ಎದ್ದು, ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ನಾವು ಭತ್ತದ ನಾಡಾದೆವು. ಈಗ ಆ ಭತ್ತ ಕೊಯ್ಯುವುದು ಯಂತ್ರ. ಕುಡಗೋಲು ಹೋಯಿತು, ಆಯವೂ ಹೋಯಿತು. ಉಳಿದದ್ದು ಅಡುಗೆಮನೆಯ ಗಿರಾಕಿಗಳು, ಅಂದರೆ ಚೌಕಾಸಿ ಮಾಡುವ ನಾವು.

ನಮ್ಮ ಹಿರೇಬೆಣಕಲ್ ಗುಡ್ಡದ ಮೇಲಿನ ಕಲ್ಮನೆಗಳು ಕಬ್ಬಿಣದ ಯುಗದವು. 2021ರಲ್ಲಿ ಅವು ಯುನೆಸ್ಕೋದ ತಾತ್ಕಾಲಿಕ ಪಟ್ಟಿ ಸೇರಿದವು, ಹೆಮ್ಮೆಯೇ. ಆ ಯುಗದ ಕಸುಬು ಗುಡ್ಡದ ಕೆಳಗಿನ ಊರುಗಳಲ್ಲಿ ಇನ್ನೂ ಉಸಿರಾಡುತ್ತಿರುವುದಕ್ಕೆ ಯಾವ ಪಟ್ಟಿಯೂ ಬೇಡ. ಈಳಿಗೆ ಮೊಂಡಾಗಿದ್ದರೆ ಈ ವಾರ ಒಯ್ದು ಹಣಿಸಿಕೊಂಡು ಬನ್ನಿ, ಕೇಳಿದಷ್ಟು ಕೊಡಿ.