ನೆರೆಹೊರೆ ಎಂಬ ಗೋಡೆ

ಕವಿತೆಗಳನ್ನು ಬಿಡಿಸಿ ಓದೋ ನಾವು ಸರ್ಕಾರದ ಸುತ್ತೋಲೆಗಳನ್ನೂ ಹಾಗೇ ಓದಬೇಕು. ನಮ್ಮ ಮಕ್ಕಳನ್ನು ಒಳಗೆ ಬಿಡೋದು, ಹೊರಗೆ ನಿಲ್ಲಿಸೋದು ಅವೇ ತಾನೆ.

2009ರ ಶಿಕ್ಷಣ ಹಕ್ಕು ಕಾಯಿದೆಯಲ್ಲಿ ಒಂದು ಪದ ಇದೆ: ನೆರೆಹೊರೆ. ಅನುದಾನವಿಲ್ಲದ ಖಾಸಗಿ ಶಾಲೆ ಒಂದನೇ ತರಗತಿಯ ಕನಿಷ್ಠ ಶೇ. 25ರಷ್ಟು ಸೀಟುಗಳನ್ನು ನೆರೆಹೊರೆಯ ಬಡ, ಅವಕಾಶವಂಚಿತ ಮಕ್ಕಳಿಗೆ ಕೊಡಬೇಕು, ಎಂಟನೇ ತರಗತಿವರೆಗೆ ಪುಕ್ಕಟೆ ಓದಿಸಬೇಕು ಅಂತ 12ನೇ ಕಲಂ ಹೇಳ್ತದೆ. ಸರ್ಕಾರ ತನ್ನ ಶಾಲೆಯಲ್ಲಿ ಒಂದು ಮಗುವಿಗೆ ಮಾಡೋ ಖರ್ಚಿನ ಮಿತಿಯಲ್ಲಿ ಆ ಶಾಲೆಗೆ ಹಣ ತುಂಬಿಕೊಡ್ತದೆ. ಖಾಸಗಿ ಆಡಳಿತಗಳು ಕೋರ್ಟಿಗೆ ಹೋದವು. 2012ರಲ್ಲಿ ಸುಪ್ರೀಂ ಕೋರ್ಟು, ಅನುದಾನರಹಿತ ಅಲ್ಪಸಂಖ್ಯಾತ ಶಾಲೆಗಳನ್ನು ಬಿಟ್ಟು, ಕಲಮನ್ನು ಎತ್ತಿಹಿಡಿಯಿತು.

ನಮ್ಮೂರಲ್ಲಿ ಊರಿಗೂ ಕೇರಿಗೂ ಕೂಗಳತೆ ದೂರ. ಆದರೂ ನಾವು ಯಾರಿಗೂ ನೆರೆಯವರಲ್ಲ. ಗೌಡರ ಮಗನ ಬೆಂಚಿನಲ್ಲೇ ಕೂಲಿಯವಳ ಮಗಳೂ ಕೂರಬೇಕು ಅನ್ನೋ ಅರ್ಥದಲ್ಲಿ ಈ ಪದ ಬಂಡಾಯದ ಪದವೇ.

ಇದನ್ನೇ ಕರ್ನಾಟಕ ಸರ್ಕಾರ 2019-20ರ ಪ್ರವೇಶಕ್ಕೆ ಮೊದಲು ತಲೆಕೆಳಗು ಮಾಡಿತು. ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆ ಈ ಸೀಟು ಕೊಡಬೇಕಿಲ್ಲ ಅಂತ ನಿಯಮ ತಿದ್ದಿತು. 2019ರ ಮೇನಲ್ಲಿ ಹೈಕೋರ್ಟು ಅದನ್ನು ಒಪ್ಪಿತು. ಲಕ್ಷ ದಾಟಿದ್ದ ಸೀಟುಗಳು ಇಪ್ಪತ್ತು ಸಾವಿರದೊಳಕ್ಕೆ ಕುಸಿದವು. 'ನಿಮ್ಮ ಕೇರಿಗೇ ಬಾವಿ ತೋಡಿಸಿದೀವಲ್ಲ, ಊರ ಬಾವಿ ಯಾಕೆ?' ಈ ಧಾಟಿ ನಮಗೆ ಗೊತ್ತಿಲ್ಲದ್ದೇನ್ರಿ? ಮಹಾರಾಷ್ಟ್ರ 2024ರಲ್ಲಿ ಇಂಥದೇ ತಿದ್ದುಪಡಿ ತಂದಾಗ ಬಾಂಬೆ ಹೈಕೋರ್ಟು ರದ್ದು ಮಾಡಿತು. ಒಂದೇ ಕಾಯಿದೆ, ಎರಡು ಓದು!

ನೆಪ ಹೇಳಿ ಬಾಗಿಲು ಹಾಕೋದು ಈ ನೆಲಕ್ಕೆ ಹೊಸದಲ್ಲ. 1856ರಲ್ಲಿ ಧಾರವಾಡದ ಸರ್ಕಾರಿ ಶಾಲೆ ಒಬ್ಬ ಮಹಾರ್ ಹುಡುಗನನ್ನು ಸೇರಿಸಿಕೊಳ್ಳಲಿಲ್ಲ. ಅವನು ಬೊಂಬಾಯಿ ಸರ್ಕಾರಕ್ಕೆ ಅರ್ಜಿ ಕೊಟ್ಟ. ನ್ಯಾಯ ಹುಡುಗನ ಕಡೆಗಿದೆ ಅಂತ ಸರ್ಕಾರ ಒಪ್ಪಿಕೊಂಡಿತು. ಆದರೆ ಅವನೊಬ್ಬ ಬಂದರೆ ಮಿಕ್ಕವರಿಗೆ ಶಾಲೆ ಬೇಡವಾದೀತು ಅಂತ ಅರ್ಜಿ ತಳ್ಳಿಹಾಕಿತು.

ಹಳ್ಳಿಯ ಮೇಷ್ಟ್ರುಗಳ ತಕರಾರೂ ಉಂಟು: ಸರ್ಕಾರದ ದುಡ್ಡು ಖಾಸಗಿಯವರ ಜೇಬಿಗೆ, ನಮ್ಮ ಕೊಠಡಿ ಖಾಲಿ. ಈ ಸಂಕಟ ಸುಳ್ಳಲ್ಲ. ನಾನೂ ಅಂಥ ಕೊಠಡಿಯಲ್ಲೇ ಅಕ್ಷರ ತಿದ್ದಿದವನು. ಆದರೆ ಸರ್ಕಾರಿ ಶಾಲೆ ಉಳಿಸೋ ಹೊಣೆ ಕೇರಿಯ ಮಕ್ಕಳ ಹೆಗಲಿಗೇ ಯಾಕೆ ಬಿತ್ತು? ಫೀಜು ಕಟ್ಟಬಲ್ಲವನನ್ನು ಆ ತಿದ್ದುಪಡಿ, ನಿನ್ನ ನೆರೆಹೊರೆಯಲ್ಲೂ ಸರ್ಕಾರಿ ಶಾಲೆ ಇದೆಯಲ್ಲ, ಅಂತ ಒಮ್ಮೆಯೂ ಕೇಳಲಿಲ್ಲ.