ಅಂಗಿ ಏನನ್ನು ನೆನಪಿಡುತ್ತದೆ?

ಹಳೆಯ ತಂಡವೊಂದರ ಅಂಗಿಯನ್ನು ಅದೇ ಬಣ್ಣ, ಅದೇ ಅಕ್ಷರದಲ್ಲಿ ಮತ್ತೆ ಹೊಲಿದು ಮಾರುವುದನ್ನು ರೆಟ್ರೊ ಎನ್ನುತ್ತಾರೆ. ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ಸುತ್ತ ಇದು ದೊಡ್ಡ ವ್ಯಾಪಾರ. ಒಂದು ತಂಡದ, ಒಂದು ವರ್ಷದ ಕಥೆ ತನ್ನಲ್ಲಿದೆ ಎಂದು ಹೇಳಿಕೊಳ್ಳುವ ಬಟ್ಟೆ ಅದು. ಹಾಗಿದ್ದರೆ ಅದನ್ನು ಪಠ್ಯದಂತೆ ಓದಿ ನೋಡಬೇಕು ಎಂಬುದು ನನ್ನ ವಾದ.

ಮಿಶಿಗನ್ ವಿಶ್ವವಿದ್ಯಾಲಯಕ್ಕೆ 1991ರಲ್ಲಿ ಸೇರಿದ ಐವರು ಹುಡುಗರು ಸಡಿಲ ಚಡ್ಡಿ, ಕಪ್ಪು ಕಾಲುಚೀಲ ತೊಟ್ಟು ಆಡಿದರು. 1992 ಮತ್ತು 1993ರಲ್ಲಿ ರಾಷ್ಟ್ರೀಯ ಫೈನಲ್ ತಲುಪಿ ಎರಡನ್ನೂ ಸೋತರು. ಮುಂದೆ ಹಣದ ಅಕ್ರಮ ಹೊರಬಿದ್ದು ಆ ಫೈನಲ್‌ಗಳೇ ದಾಖಲೆಯಿಂದ ಹೋದವು, ಧ್ವಜಗಳನ್ನು ಇಳಿಸಲಾಯಿತು. ಉಡುಪಿನ ಮೋಹ ಮಾತ್ರ ಹೋಗಲಿಲ್ಲ. 2021ರವರೆಗೆ ಅಲ್ಲಿನ ಕಾಲೇಜು ಆಟಗಾರರು ತಮ್ಮ ಹೆಸರಿನಿಂದ ಹಣ ಗಳಿಸುವಂತಿರಲಿಲ್ಲ ಎಂಬುದನ್ನೂ ಆ ಅಂಗಿ ಹೇಳುವುದಿಲ್ಲ.

ನಮ್ಮಲ್ಲೂ ಹೀಗೆಯೇ. 1992ರ ವಿಶ್ವಕಪ್‌ನಲ್ಲಿ ಭಾರತ ಎಂಟು ಪಂದ್ಯಗಳಲ್ಲಿ ಗೆದ್ದದ್ದು ಎರಡೇ. ಆ ಕಡುನೀಲಿ ಅಂಗಿಯ ಮಾದರಿ 2020ರ ಆಸ್ಟ್ರೇಲಿಯಾ ಪ್ರವಾಸದಲ್ಲಿ ಮತ್ತೆ ಬಂದಾಗ ಎಲ್ಲರಿಗೂ ಪ್ರೀತಿ ಉಕ್ಕಿತು. ಸೋಲು ಯಾರಿಗೂ ನೆನಪಾಗಲಿಲ್ಲ.

ಇದಕ್ಕೆ ತದ್ವಿರುದ್ಧ 1973–74ರ ರಣಜಿ ಋತು. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದ ವರ್ಷವದು. ಸತತ 15 ಬಾರಿ ಗೆದ್ದಿದ್ದ ಬಾಂಬೆಯನ್ನು ಪ್ರಸನ್ನ ನಾಯಕತ್ವದ ತಂಡ ಬೆಂಗಳೂರಿನ ಸೆಮಿಫೈನಲ್‌ನಲ್ಲಿ ಮಣಿಸಿತು. ವಿಶ್ವನಾಥ್, ಬ್ರಿಜೇಶ್ ಪಟೇಲ್ ಶತಕ ಹೊಡೆದರು. ಜೈಪುರದ ಫೈನಲ್‌ನಲ್ಲಿ ರಾಜಸ್ಥಾನವನ್ನೂ ಸೋಲಿಸಿ ಪ್ರಶಸ್ತಿ ಮೊದಲ ಬಾರಿ ಇಲ್ಲಿಗೆ ಬಂತು. ಆದರೆ ಅವರೆಲ್ಲ ತೊಟ್ಟಿದ್ದು ಬಿಳಿ ಬಟ್ಟೆ. ಬಿಳಿ ಅಂಗಿಯಲ್ಲಿ ಮಾರಲು ಏನಿದೆ? ರೆಟ್ರೊ ಆರಿಸುವುದು ದೊಡ್ಡ ಋತುವನ್ನಲ್ಲ, ಕಣ್ಣಿಗೆ ಹಿಡಿಯುವ ಬಣ್ಣವನ್ನು.

ಈ ಮಾತನ್ನು ನಮ್ಮ ಕಡೆಗೆ ತಿರುಗಿಸಿ ನೋಡುತ್ತೇನೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಕಾಲೇಜುಗಳಲ್ಲೂ ಕಬಡ್ಡಿ, ವಾಲಿಬಾಲ್, ಖೋಖೋ ತಂಡಗಳಿವೆ. ಅಂಗಿಯ ಎದೆಗೆ ಕಾಲೇಜಿನ ಹೆಸರು, ಬೆನ್ನಿಗೆ ಕೊಡಿಸಿದವರ ಹೆಸರು. ಓದು ಮುಗಿದ ಮೇಲೆ ಅದೇ ಅಂಗಿ ತೊಗರಿ ಹೊಲಕ್ಕೆ, ಲಿಂಬೆ ತೋಟಕ್ಕೆ ಹೋಗುತ್ತದೆ. ಬಿಸಿಲಿಗೆ ಮಾಸಿ, ಅಕ್ಷರ ಉದುರಿ, ಕೊನೆಗೆ ಬೈಕ್ ಒರೆಸುವ ಅರಿವೆಯಾಗುತ್ತದೆ. ಅಂಗಡಿಯವರು ಯಂತ್ರದಲ್ಲಿ ತರುವ ಮಾಸಲು ಇಲ್ಲಿ ದುಡಿಮೆಯಿಂದ ಬಂದದ್ದು. ಆದರೆ ಅಂಗಿಯ ಜೊತೆ ಆ ವರ್ಷವೂ ಮಾಸಿಹೋಗುತ್ತದೆ ಎಂಬುದೂ ನಿಜ. ಹೆಣ್ಣುಮಕ್ಕಳ ತಂಡಗಳದ್ದಂತೂ ಮದುವೆಯಾಗಿ ಊರು ಬಿಟ್ಟೊಡನೆ ಹೇಳುವವರೇ ಇರುವುದಿಲ್ಲ.

ಹಾಗೆಂದು ನಮಗೂ ರೆಟ್ರೊ ಅಂಗಿ ಬೇಡವೆನ್ನಲಾರೆ. ಹಳೆಯ ವಿದ್ಯಾರ್ಥಿಗಳು ಸೇರಿ ಮಾಡಿಸಲಿ. ಆದರೆ ಒಳ್ಳೆಯ ಅಂಗಿ, ಒಳ್ಳೆಯ ಕಥೆಯ ಹಾಗೆ, ಮುಂದಿನ ಪ್ರಶ್ನೆ ಕೇಳಿಸಬೇಕು: ಅಂದು ಯಾರು ಆಡಿದರು, ಯಾರ ಎದುರು, ಸೋತದ್ದು ಹೇಗೆ? ಉತ್ತರಗಳು ಕಾಲೇಜಿನ ಹಳೆಯ ವಾರ್ಷಿಕ ಸಂಚಿಕೆಗಳಲ್ಲಿ ಅರ್ಧ ಇರುತ್ತವೆ: ಗುಂಪುಚಿತ್ರ, ಕೆಳಗೆ ಎಡದಿಂದ ಬಲಕ್ಕೆ ಹೆಸರುಗಳು. ಉಳಿದರ್ಧ ಆ ಹೆಸರಿನವರ ಬಾಯಲ್ಲಿದೆ. ಅಂಗಿ ಹೊಲಿಸುವ ಮುಂಚೆ ಯಾರಾದರೂ ವಿದ್ಯಾರ್ಥಿ ಹೋಗಿ ಕೇಳಿ ಬರೆದಿಟ್ಟರೆ, ಬೆನ್ನ ಮೇಲೆ ಏನು ಅಚ್ಚು ಹಾಕಬೇಕೆಂಬುದು ಗೊತ್ತಾಗುತ್ತದೆ.